ಕೆರೆಯ ಕೋಡಿ, ಮೈಯ ಕೋಡಿ

ಶಿಕಾರಿಪುರದಿಂದ ಸೊರಬಕ್ಕೆ ಹೋಗೋ ಬಸ್ಸು ಹತ್ತಿದರೆ ದಾರೀಲಿ ಶಿರಾಳಕೊಪ್ಪ ಸಿಗುತ್ತೆ. ಅದರ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು, ಕೇದಾರೇಶ್ವರ ದೇವಸ್ಥಾನ ಇರೋ ಊರು ಅಂತ ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದವರು ದೇವಸ್ಥಾನ ಸುತ್ತಿ, ಕಂಬಗಳ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಹೋಗ್ತಾರೆ. ಆ ಊರಿನ ಶಾಸನಗಳನ್ನು ಓದೋರು ಕಡಿಮೆ.

ಅವುಗಳಲ್ಲಿ ಒಂದು 1162ನೇ ಇಸವಿಯದು. ಕಲಚುರಿ ಬಿಜ್ಜಳನ ಕಾಲ. ಬಿ.ಎಲ್. ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟದಲ್ಲಿ ಶಿಕಾರಿಪುರ 102 ಅಂತ ನಂಬರ್ ಕೊಟ್ಟಿರೋದು ಇದಕ್ಕೇ. ಕಾಳಾಮುಖ ಶೈವರ ಕೋಡಿಮಠಕ್ಕೆ, ಅದರ ಗುರು ವಾಮಶಕ್ತಿಗೆ ಕೊಟ್ಟ ದಾನದ ದಾಖಲೆ. ದಾನಶಾಸನ ಅಂದ್ರೆ ಸಾಮಾನ್ಯವಾಗಿ ರಾಜನ ಬಿರುದು, ಭೂಮಿಯ ಗಡಿ, ತಪ್ಪಿದವರಿಗೆ ಶಾಪ ಇಷ್ಟೇ ಇರುತ್ತೆ. ಇದರಲ್ಲಿ ಮಠ ಏನೇನು ಕೆಲಸ ಮಾಡ್ತಿತ್ತು ಅನ್ನೋದರ ಉದ್ದದ ಪಟ್ಟಿ ಇದೆ. ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕ ಎಲ್ಲ ಓದಿಸ್ತಿದ್ದರು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡೋರು, ಕುಣಿಯೋರು, ಬೇರೆ ಬೇರೆ ಪಂಥದ ಸನ್ಯಾಸಿಗಳು, ಭಿಕ್ಷುಕರು, ಎಲ್ಲರಿಗೂ ಅಲ್ಲಿ ಅನ್ನ. ಅದಾದ ಮೇಲೆ ಇನ್ನೊಂದು ಮಾತು ಬರುತ್ತೆ: ದಿಕ್ಕಿಲ್ಲದ ಅನೇಕ ರೋಗಿಗಳನ್ನು ಇಟ್ಟುಕೊಂಡು ಔಷಧ ಕೊಡುವ ಜಾಗ ಇದು.

ಅಂದ್ರೆ ಆಸ್ಪತ್ರೆ. ನಮ್ಮ ತಾಲೂಕಿನಲ್ಲಿ, ಎಂಟೂವರೆ ಶತಮಾನದ ಹಿಂದೆ, ಪುಕ್ಕಟೆ. ಅದಕ್ಕಿಂತ ಮೊದಲೇ, 11ನೇ ಶತಮಾನದಲ್ಲಿ, ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ ಕಾಲದ ಆಸ್ಪತ್ರೆಯೊಂದಿತ್ತು. ಅಲ್ಲಿಯ ಶಾಸನ 15 ಹಾಸಿಗೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಸೇವಕಿಯರು ಅಂತ ಲೆಕ್ಕ ಕೊಡುತ್ತೆ. ನಮ್ಮ ಕೋಡಿಮಠದ ಶಾಸನ ಹಾಸಿಗೆ ಲೆಕ್ಕ ಹೇಳಲ್ಲ. ಯಾರು ಬರಬಹುದು ಅನ್ನೋದನ್ನು ಮಾತ್ರ ಬಿಡಿಸಿ ಹೇಳುತ್ತೆ.

ಇದನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣ ಆ ಮಠದ ಹೆಸರು. ಅದು ತಾವರೆಕೆರೆಯ ಕೋಡಿಯಲ್ಲಿತ್ತು, ಅದಕ್ಕೇ ಕೋಡಿಮಠ. ಕೆರೆ ಇಲ್ಲದ ಊರಲ್ಲಿ ಹುಟ್ಟಿದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೆರೆಗೆ ಏರಿ ಇದ್ದರೆ ಸಾಲದು. ಗದ್ದೆಗೆ ಅಳತೆ ಮಾಡಿ ನೀರು ಬಿಡೋಕೆ ತೂಬು ಬೇಕು. ಮಳೆ ಜಾಸ್ತಿಯಾದಾಗ ಹೆಚ್ಚಿನ ನೀರು ತಾನಾಗೇ ಹರಿದುಹೋಗೋಕೆ ಕೋಡಿ ಬೇಕು. ಕೋಡಿ ಕಟ್ಟಿಕೊಂಡರೆ ಏರಿ ಒಡೆಯುತ್ತೆ, ಊರು ಹೋಗುತ್ತೆ. ತೀರಾ ತಗ್ಗಾದರೆ ಸಂಕ್ರಾಂತಿ ಹೊತ್ತಿಗೆ ಕೆರೆ ಖಾಲಿ. ಅಲ್ಲೇ ಹತ್ತಿರದ ತಾಳಗುಂದದ ಸ್ತಂಭಶಾಸನ ಕದಂಬ ವಂಶದ ಕಥೆ ಹೇಳುತ್ತೆ ಅಂತ ಶಾಲೆಯಲ್ಲಿ ಓದಿರ್ತೀರಿ. ಆ ಶಾಸನ ಹುಟ್ಟಿದ್ದೂ ಒಂದು ಕೆರೆಯಿಂದಲೇ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದ. ನೀರನ್ನು ಹಿಡಿಯೋದು, ಬಿಡೋದು ನಮ್ಮ ಕಡೆಯ ಬಹಳ ಹಳೇ ವಿದ್ಯೆ.

ನಮ್ಮ ಮೈಯೊಳಗೂ ಇದೇ ಕೆಲಸ ಮಾಡೋ ಒಂದು ಜೋಡಿ ಇದೆ. ಶಾಲೆಯ ಪುಸ್ತಕದಲ್ಲಿ ಮೂತ್ರಪಿಂಡ, ಊರ ಬಾಯಲ್ಲಿ ಕಿಡ್ನಿ. ಒಂದೊಂದೂ ಸುಮಾರು 150 ಗ್ರಾಂ. ಹೃದಯ ತಳ್ಳೋ ರಕ್ತದಲ್ಲಿ ಐದನೇ ಒಂದು ಪಾಲು ಈ ಎರಡಕ್ಕೇ ಹೋಗುತ್ತೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು, ಅವುಗಳ ಹಿಂದೆ ಉದ್ದದ ಕೊಳವೆಗಳು. ಇವುಗಳಿಗೆ ನೆಫ್ರಾನ್ ಅಂತಾರೆ. ದಿನಕ್ಕೆ ಸೋಸೋದು 180 ಲೀಟರ್. ಹೊರಗೆ ಹೋಗೋದು ಒಂದೂವರೆ ಲೀಟರ್. ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ.

ಇದೆಂಥಾ ದಡ್ಡ ಡಿಸೈನ್ ಅಂತ ಅನ್ನಿಸಬಹುದು. ಒಂದೂವರೆ ಲೀಟರ್ ಕಸ ತೆಗೆಯೋಕೆ 180 ಲೀಟರ್ ಯಾಕೆ ಸೋಸಬೇಕು? ದೀಪಾವಳಿ ಮುಂಚೆ ಮನೇಲಿ ಅಟ್ಟ ಗುಡಿಸೋದನ್ನು ನೆನಪು ಮಾಡ್ಕೊಳಿ. ಅಮ್ಮ ಅಟ್ಟದ ಮೇಲೆ ಕೂತು ಇದು ಬೇಕು ಅದು ಬೇಡ ಅಂತ ಆರಿಸಲ್ಲ. ಎಲ್ಲವನ್ನೂ ಅಂಗಳಕ್ಕೆ ಇಳಿಸಿ, ಬೇಕಾದ್ದನ್ನು ಮಾತ್ರ ಮತ್ತೆ ಮೇಲಕ್ಕೆ ಹತ್ತಿಸ್ತಾಳೆ. ಕಿಡ್ನಿಯೂ ಹಾಗೇ. ಸಕ್ಕರೆ, ಉಪ್ಪು, ನೀರು ಎಷ್ಟು ಬೇಕೋ ಅಷ್ಟು ವಾಪಸ್. ಗುರುತಿಲ್ಲದ್ದು ಅಂಗಳದಲ್ಲೇ ಉಳಿಯುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಇದು ವೈಟ್‌ಲಿಸ್ಟ್, ಬ್ಲ್ಯಾಕ್‌ಲಿಸ್ಟ್ ಅಲ್ಲ. ನಾಳೆ ಹೊಸ ವಿಷ ಬಂದರೂ ಅದಕ್ಕಂತ ಹೊಸ ನಿಯಮ ಬರೀಬೇಕಾಗಿಲ್ಲ.

ಇದೆಲ್ಲ ಕೋಡಿಮಠದ ವೈದ್ಯನಿಗೆ ಗೊತ್ತಿತ್ತಾ? ಇರಲಿಲ್ಲ. ಅವನ ಕೈಯಲ್ಲಿದ್ದದ್ದು ಚರಕ, ಸುಶ್ರುತರ ಪರಂಪರೆ. ಅದರಲ್ಲಿ ವೃಕ್ಕ ಅನ್ನೋ ಹೆಸರಿದೆ, ಆದರೆ ಅದರ ನಂಟು ಮೇದಸ್ಸಿಗೆ, ಅಂದ್ರೆ ಕೊಬ್ಬಿಗೆ. ಮೂತ್ರ ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಸುಶ್ರುತ ಕೊಡೋ ಹೋಲಿಕೆ ಚೆನ್ನಾಗಿದೆ: ಹೊಸ ಮಡಕೆಯನ್ನು ಕಂಠದವರೆಗೆ ನೀರಲ್ಲಿ ಇಳಿಸಿದರೆ ಪಕ್ಕದಿಂದ ಜಿನುಗಿ ತುಂಬೋ ಹಾಗೆ ಮೂತ್ರಕೋಶ ತುಂಬುತ್ತೆ ಅಂತ. ಗ್ರೀಕ್ ವೈದ್ಯ ಗೇಲನ್ ಎರಡನೇ ಶತಮಾನದಲ್ಲೇ ಪ್ರಾಣಿಗಳ ಮೂತ್ರನಾಳಕ್ಕೆ ದಾರ ಕಟ್ಟಿ, ಮೂತ್ರ ಕಿಡ್ನಿಯಿಂದಲೇ ಇಳಿಯುತ್ತೆ ಅಂತ ತೋರಿಸಿದ್ದ. ಆ ಪ್ರಯೋಗ ಬಳ್ಳಿಗಾವಿಯ ಮಟ್ಟಿಗೆ ಬಹಳ ದೂರ.

ಹಾಗಂತ ನಮ್ಮವರಿಗೆ ಏನೂ ಗೊತ್ತಿರಲಿಲ್ಲ ಅಂತ ಅಲ್ಲ. ಅಂಗ ಗೊತ್ತಿಲ್ಲದಿದ್ದರೂ ರೋಗ ಗೊತ್ತಿತ್ತು. ಮೂತ್ರ ಕಟ್ಟೋದು, ಉರಿಮೂತ್ರ, ಕಲ್ಲು, ಮೈ ಬಾತುಕೊಳ್ಳೋದು ಇವಕ್ಕೆಲ್ಲ ಬೇರೆ ಬೇರೆ ಹೆಸರಿದ್ದವು. ಇಪ್ಪತ್ತು ಬಗೆಯ ಪ್ರಮೇಹ ಎಣಿಸಿದ್ದರು, ಅದರಲ್ಲಿ ಇವತ್ತಿನ ಸಕ್ಕರೆ ಕಾಯಿಲೆಯೂ ಇದೆ. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯೋ ವಿಧಾನ ಬರೆದಿಟ್ಟಿದ್ದರು. ಕೋಡಿಮಠದ ಆ ಶಾಸನದ ಆಸುಪಾಸಿನಲ್ಲೇ ವೈದ್ಯ ಕನ್ನಡಕ್ಕೂ ಬಂತು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯ ಬರೆದ. ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಮುಂದೆ 14ನೇ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕೆಂದೇ ಖಗೇಂದ್ರಮಣಿದರ್ಪಣ ಬರೆದ.

ಕಿಡ್ನಿ ರೋಗ ಅಂತ ಪ್ರತ್ಯೇಕವಾಗಿ ಗುರುತು ಹಿಡಿದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, 1827ರಲ್ಲಿ. ಅವರ ಉಪಕರಣ ಏನು ಗೊತ್ತಾ? ಒಂದು ಚಮಚ, ಒಂದು ಮೇಣದಬತ್ತಿ. ಮೈ ಊದಿಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಕಾಯಿಸಿದರೆ ಮೊಟ್ಟೆಯ ಬಿಳಿ ಗಟ್ಟಿಯಾದ ಹಾಗೆ ಕಾಣೋದು. ಅದು ಆಲ್ಬುಮಿನ್, ರಕ್ತದಲ್ಲೇ ಉಳೀಬೇಕಾದ ಪ್ರೋಟೀನು. ಅಂಥ ರೋಗಿ ಸತ್ತ ಮೇಲೆ ಕೊಯ್ದು ನೋಡಿದರೆ ಕಿಡ್ನಿ ಕೆಟ್ಟಿರ್ತಿತ್ತು. ಜರಡಿ ಹರಿದಿದೆ ಅನ್ನೋದು ಜರಡಿಯಿಂದ ಬಿದ್ದದ್ದನ್ನು ನೋಡಿ ಗೊತ್ತಾಯ್ತು.

ಇದಾಗಿ ನಾಲ್ಕು ವರ್ಷಕ್ಕೆ ಇಂಗ್ಲೆಂಡಿಗೆ ಕಾಲರಾ ಬಂತು. ನಮ್ಮ ದೇಶದಿಂದ ಹೊರಟದ್ದೇ. ವಾಂತಿಭೇದಿ ಅಂತ ನಮ್ಮ ಹಿರಿಯರು ಹೆಸರೆತ್ತೋಕೂ ಹೆದರುತ್ತಿದ್ದ ರೋಗ. ವಿಲಿಯಂ ಓ'ಶಾನೆಸ್ಸಿ ಅನ್ನೋ 22 ವರ್ಷದ ಹುಡುಗ ಸಂಡರ್ಲೆಂಡಿಗೆ ಹೋಗಿ ರೋಗಿಗಳ ರಕ್ತ ಪರೀಕ್ಷೆ ಮಾಡಿದ. ಅವನು ಕಂಡದ್ದು ಇಷ್ಟು: ರಕ್ತದಲ್ಲಿ ನೀರು ಕಡಿಮೆಯಾಗಿದೆ, ಉಪ್ಪು ಕಡಿಮೆಯಾಗಿದೆ, ಕ್ಷಾರ ಕಡಿಮೆಯಾಗಿದೆ. ಮೂತ್ರ ನಿಂತುಹೋದವರ ರಕ್ತದಲ್ಲಿ ಯೂರಿಯಾ ತುಂಬಿಕೊಂಡಿದೆ. ಕೆರೆ ಬತ್ತಿದರೆ ಕೋಡಿಯೂ ನಿಲ್ಲುತ್ತೆ ಅಂತ ಮೊದಲ ಸಲ ಲೆಕ್ಕ ಹಾಕಿ ತೋರಿಸಿದ್ದು ಅದು. ಅದನ್ನು ಓದಿದ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟ್ಟಾ 1832ರಲ್ಲಿ ಉಪ್ಪು, ಸೋಡಾ ಕರಗಿಸಿದ ನೀರನ್ನು ನೇರವಾಗಿ ರಕ್ತನಾಳಕ್ಕೇ ಬಿಟ್ಟ. ಸಾಯೋ ಹಂತದಲ್ಲಿದ್ದವರು ಎದ್ದು ಕೂತು ಮಾತಾಡಿದರು. ಎಲ್ಲರೂ ಉಳೀಲಿಲ್ಲ, ಭೇದಿ ನಿಲ್ಲದವರಿಗೆ ಮತ್ತೆ ಮತ್ತೆ ನೀರು ಕೊಡಬೇಕಿತ್ತು. ಇವತ್ತು ನಾವು ಗ್ಲುಕೋಸ್ ಹಾಕ್ಸೋದು, ಡ್ರಿಪ್ ಏರಿಸೋದು ಅಂತ ಏನಂತೀವೋ ಅದರ ಮೂಲ ಇದು.

ಈ ಓ'ಶಾನೆಸ್ಸಿ ಮುಂದೆ ಏನಾದ ಅಂತ ಗೊತ್ತಾದಾಗ ನನಗೆ ಖುಷಿಯಾಯ್ತು. ಆತ ಕಂಪನಿ ಸರ್ಕಾರದ ಡಾಕ್ಟರಾಗಿ ಕಲ್ಕತ್ತೆಗೆ ಬಂದ. 1850ರ ದಶಕದಲ್ಲಿ ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ್ದೂ ಅವನೇ. ಮನುಷ್ಯನ ರಕ್ತದಲ್ಲಿ ಉಪ್ಪು ಅಳೆದವನೇ ನಮ್ಮ ಐಟಿ ವಂಶದ ಮೂಲಪುರುಷ ಅನ್ನಬಹುದು.

ಇಲ್ಲಿ ಸೋಡಾ ಅನ್ನೋ ಪದ ಹಿಡ್ಕೊಳ್ಳಿ. ನಾವು ಉಂಡದ್ದೆಲ್ಲ ಕರಗಿ ದಿನಾ ಒಂದಿಷ್ಟು ಆಮ್ಲ ಹುಟ್ಟುತ್ತೆ. ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರಬೇಕು, ಅಷ್ಟು ಸಣ್ಣ ಕಿಂಡಿ. ಆಮ್ಲದಲ್ಲಿ ಗಾಳಿಯಾಗಬಲ್ಲ ಭಾಗವನ್ನು ಶ್ವಾಸಕೋಶ ಉಸಿರಿನಲ್ಲಿ ಬಿಡುತ್ತೆ. ಗಾಳಿಯಾಗದೆ ಉಳಿಯೋದನ್ನು ಹೊರಹಾಕೋಕೆ ಕಿಡ್ನಿಯೇ ಗತಿ. ರಕ್ತದ ಬೈಕಾರ್ಬನೇಟನ್ನು, ಅಂದ್ರೆ ಅಡುಗೆ ಸೋಡಾದಲ್ಲಿರೋ ಅದೇ ಕ್ಷಾರವನ್ನು, ಸೋರದ ಹಾಗೆ ಕಾಯೋದೂ ಅದೇ. ಕಿಡ್ನಿ ಸೋತವರು ಎದುರುಸಿರು ಬಿಡ್ತಾರಲ್ಲ, ಎಷ್ಟೋ ಸಲ ಅದು ದಮ್ಮಲ್ಲ. ಕಿಡ್ನಿಯ ಕೆಲಸವನ್ನೂ ಶ್ವಾಸಕೋಶ ಮಾಡೋಕೆ ಹೋಗಿ ಸುಸ್ತಾಗಿರೋದು.

1910ರ ಹೊತ್ತಿಗೆ ಮನಿಲಾದಲ್ಲಿ ಆಂಡ್ರ್ಯೂ ಸೆಲ್ಲಾರ್ಡ್ಸ್, ಮೂತ್ರ ನಿಂತ ಕಾಲರಾ ರೋಗಿಗಳಿಗೆ ಸೋಡಾ ಎಷ್ಟು ಕೊಟ್ಟರೂ ಮೈ ಹೀರಿಕೊಳ್ಳುತ್ತೆ ಅಂತ ಕಂಡುಕೊಂಡ. ಅಷ್ಟು ಆಮ್ಲ ಸೇರಿಕೊಂಡಿತ್ತು ಅಂತ ಅರ್ಥ. ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಉಪ್ಪುನೀರಿನ ಜೊತೆ ಸೋಡಾ ಸೇರಿಸಿದ ಮೇಲೆ ಕಿಡ್ನಿ ಸೋತು ಸಾಯೋರು ಕಡಿಮೆಯಾದರು. ಬಾಂಗ್ಲಾ ಯುದ್ಧದ 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಜನ ಲೋಟದಲ್ಲಿ ಕುಡಿದರು. ಶಿಬಿರದಲ್ಲಿ ಸಾವು 30 ಪರ್ಸೆಂಟಿನಿಂದ 4ರೊಳಗೆ ಇಳೀತು. ಓಆರ್‌ಎಸ್ ಪೊಟ್ಟಣ ಇವತ್ತು ನಮ್ಮ ಊರಿನ ಕಿರಾಣಿ ಅಂಗಡೀಲೂ ಸಿಗುತ್ತೆ.

ಈಗ ನಮ್ಮ ಗದ್ದೆಗೆ ಬರೋಣ. ಸೊರಬದ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಇರೋದು ಮಂಗನ ಕಾಯಿಲೆಯಿಂದ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ್ದು, ರೋಗಕ್ಕೆ ಆ ಕಾಡಿನದೇ ಹೆಸರು. ಆದರೆ ಮಲೆನಾಡಿನ ಗದ್ದೆಯಲ್ಲಿ ಕಿಡ್ನಿಗೆ ನೇರವಾಗಿ ಹೊಡೆಯೋ ವೈರಿಗಳು ಬೇರೆ ಇಬ್ಬರು. ಒಂದು ಕೊಳಕುಮಂಡಲ. ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟೋ ವ್ಯವಸ್ಥೆಯೇ ಹದಗೆಟ್ಟು ಕಿಡ್ನಿಯ ಸಣ್ಣ ನಾಳಗಳು ಕಟ್ಟಿಕೊಳ್ಳುತ್ವೆ. ಕಚ್ಚಿಸಿಕೊಂಡವರಿಗೆ ವಿಷಪ್ರತಿರೋಧಕ ತಡವಾದಷ್ಟೂ ಮೂತ್ರ ನಿಲ್ಲೋ ಅಪಾಯ ಜಾಸ್ತಿ. ಎರಡನೇದು ಇಲಿಜ್ವರ. ಇದರ ರೋಗಾಣು ಇಲಿಯ ಕಿಡ್ನಿಯಲ್ಲಿ ಆರಾಮಾಗಿ ಬದುಕುತ್ತೆ, ಇಲಿಗೆ ಏನೂ ಆಗಲ್ಲ. ಅದರ ಉಚ್ಚೆಯಿಂದ ಕೆಸರುನೀರಿಗೆ, ಅಲ್ಲಿಂದ ನಾಟಿ ಮಾಡೋರ ಕಾಲಿನ ಒಡಕಿಗೆ, ಅಲ್ಲಿಂದ ಅವರ ಕಿಡ್ನಿಗೆ. ಜಪಾನಿನಲ್ಲಿ ಇನಾಡ ಮತ್ತು ಇಡೊ ಅನ್ನೋರು 1915ರಲ್ಲಿ ಈ ರೋಗಾಣುವನ್ನು ಪತ್ತೆ ಮಾಡಿದರು. ಈ ಎರಡೂ ರೋಗದ ಒಳ್ಳೇ ಮಾತು ಅಂದ್ರೆ, ಬೇಗ ಆಸ್ಪತ್ರೆ ಮುಟ್ಟಿದರೆ ಕಿಡ್ನಿ ಎಷ್ಟೋ ಸಲ ಪೂರ್ತಿ ಚೇತರಿಸಿಕೊಳ್ಳುತ್ತೆ. ಅದು ಚೇತರಿಸಿಕೊಳ್ಳೋವರೆಗೆ ಅದರ ಕೆಲಸ ಯಾರಾದರೂ ಮಾಡ್ತಿರಬೇಕು ಅಷ್ಟೇ.

ಆ ಬದಲಿ ಆಳು ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಜರ್ಮನರು ಹಿಡಿದಿದ್ದ ಹಾಲೆಂಡಿನ ಕಾಂಪೆನ್ ಅನ್ನೋ ಊರಲ್ಲಿ ವಿಲೆಮ್ ಕೋಲ್ಫ್ ಅನ್ನೋ ಡಾಕ್ಟರು ಮಾಂಸದ ಸಾಸೇಜಿಗೆ ಸುತ್ತೋ ಸೆಲ್ಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ರಕ್ತ, ಹೊರಗೆ ನೀರು. ಕಸ ನೀರಿಗೆ ಇಳಿಯೋದು. 1943ರಿಂದ ಒಬ್ಬರಾದ ಮೇಲೆ ಒಬ್ಬರಿಗೆ ಮಾಡಿದರು, ಮೊದಲ ಹದಿನೈದು ಜನರಲ್ಲಿ ಹೆಚ್ಚುಕಮ್ಮಿ ಎಲ್ಲರೂ ತೀರಿಹೋದರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದಳು. ಆಕೆ ಯುದ್ಧದಲ್ಲಿ ನಾಜಿಗಳ ಪಕ್ಷ ವಹಿಸಿದ್ದವಳು, ಊರಿನವರಿಗೆ ಆಕೆ ಸಾಯಲಿ ಅಂತಿತ್ತು. ಕೋಲ್ಫ್ ಅದನ್ನು ನೋಡಲಿಲ್ಲ.

ಅದು ತಾತ್ಕಾಲಿಕ ರಿಪೇರಿ. ಕಿಡ್ನಿ ಶಾಶ್ವತವಾಗಿ ಹೋದವರನ್ನು ವರ್ಷಗಟ್ಟಲೆ ಉಳಿಸೋದು ಸಾಧ್ಯವಾದದ್ದು 1960ರಲ್ಲಿ. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್, ಕೈಯ ರಕ್ತನಾಳಕ್ಕೆ ಖಾಯಂ ಆಗಿ ಒಂದು ಟೆಫ್ಲಾನ್ ಕೊಳವೆ ಕೂರಿಸಿದರು. ಅವರ ಮೊದಲ ರೋಗಿ 11 ವರ್ಷ ಬದುಕಿದ. ಆಗ ಹೊಸ ಸಮಸ್ಯೆ. ಯಂತ್ರ ಕೆಲವೇ, ರೋಗಿಗಳು ನೂರಾರು. ಯಾರಿಗೆ ಕೊಡೋದು? ಏಳು ಜನರ ಸಮಿತಿ ಮಾಡಿದರು. ರೋಗಿಗೆ ಮದುವೆಯಾಗಿದೆಯಾ, ಮಕ್ಕಳೆಷ್ಟು, ಆದಾಯ ಎಷ್ಟು, ಚರ್ಚಿಗೆ ಹೋಗ್ತಾನಾ ಅಂತೆಲ್ಲ ನೋಡಿ ಯಾರು ಬದುಕಬೇಕು ಅಂತ ತೀರ್ಮಾನ ಮಾಡೋರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ದೇಶವೇ ಬೆಚ್ಚಿಬಿತ್ತು. ಹತ್ತು ವರ್ಷದ ನಂತರ ಅಮೆರಿಕ ಸರ್ಕಾರ ಡಯಾಲಿಸಿಸ್ ಖರ್ಚನ್ನು ತಾನೇ ವಹಿಸಿಕೊಳ್ಳೋ ಕಾನೂನು ಮಾಡಿತು.

ಬಳ್ಳಿಗಾವಿಯ ಪಟ್ಟಿಯನ್ನು ಸಿಯಾಟಲ್‌ನ ಪಟ್ಟಿಯ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಕುಂಟರು, ಕುರುಡರು, ದಿಕ್ಕಿಲ್ಲದವರು, ಅಲೆಮಾರಿಗಳು. ಇನ್ನೊಂದರಲ್ಲಿ ಸಂಸಾರಸ್ಥರು, ಸಂಪಾದನೆ ಇದ್ದವರು. ಒಂದು ಕಡೆ ವಿದ್ಯೆ ಕಡಿಮೆ, ಬಾಗಿಲು ದೊಡ್ಡದು. ಇನ್ನೊಂದು ಕಡೆ ವಿದ್ಯೆ ದೊಡ್ಡದು, ಬಾಗಿಲು ಕಿರಿದು. ನಾವು ಇವತ್ತು ಎಲ್ಲಿದ್ದೀವಿ?

ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಆಯ್ತು. ಮುಂದಿನ ಎರಡು ದಶಕದಲ್ಲಿ ಬಡವರ ಕಿಡ್ನಿಯನ್ನು ದುಡ್ಡಿಗೆ ಕೊಳ್ಳೋ ದಂಧೆ ಬೆಳೀತು, ಬೆಂಗಳೂರಿನ ಹೆಸರೂ ಅದರಲ್ಲಿ ಕೆಟ್ಟಿತು. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದು ಮಾರಾಟ ಅಪರಾಧವಾಯ್ತು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದಲ್ಲಿ ಈಗ ತಾಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಏಳು ಜನರ ಸಮಿತಿ ನಮ್ಮಲ್ಲಿಲ್ಲ. ಆದರೆ ಆಯ್ಕೆ ನಡೀತಾನೇ ಇದೆ. ಬಸ್ ಚಾರ್ಜು ಆಯ್ಕೆ ಮಾಡುತ್ತೆ. ಜೊತೆಗೆ ಬರೋರ ದಿನಗೂಲಿ ಆಯ್ಕೆ ಮಾಡುತ್ತೆ. ಅಡಿಕೆ ಕೊಯ್ಲಿನ ಹೊತ್ತು ಆಯ್ಕೆ ಮಾಡುತ್ತೆ. ಒಂದು ಸಲ ಡಯಾಲಿಸಿಸ್ ಅಂದ್ರೆ ನಾಲ್ಕು ತಾಸು, ಯಂತ್ರದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿನಂತೆ 120 ಲೀಟರ್ ಶುದ್ಧ ನೀರು, ಅದರಲ್ಲಿ ಮತ್ತದೇ ಬೈಕಾರ್ಬನೇಟ್. ವಾರಕ್ಕೆ ಮೂರು ಸಲ ಆಗಬೇಕು. ದುಡ್ಡಿಲ್ಲದೆ ಎರಡಕ್ಕೆ ಇಳಿಸಿದವರು, ಒಂದಕ್ಕೆ ಇಳಿಸಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ನಮ್ಮ ದೊಡ್ಡಪ್ಪ ಮೂರು ವರ್ಷ ಹೀಗೆ ಓಡಾಡಿದರು. ಯಂತ್ರಕ್ಕೆ 120 ಲೀಟರ್, ಅವರಿಗೆ ಕುಡಿಯೋಕೆ ದಿನಕ್ಕೆ ಒಂದೇ ಲೀಟರ್, ಅದೂ ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ಹೊರಗೆ ಮಲೆನಾಡ ಮಳೆ ಧೋ ಅಂತ ಸುರೀತಿರೋದು, ಇವರು ಲೋಟ ಅಳೆದು ಕುಡಿಯೋರು. "ಕೆರೆ ಹೂಳೆತ್ತಕ್ಕೆ ಜೆಸಿಬಿನಾದ್ರೂ ಐತೆ ಕಣೋ, ಇದಕ್ಕೆ ಅದೂ ಇಲ್ಲ" ಅಂತ ನಗೋರು.

ಅವರು ಹೇಳಿದ್ದು ಸರಿಯಾದ ಮಾತು. ಕೆರೆಗೆ ಹೂಳು ತುಂಬೋದು ಒಂದು ದಿನದಲ್ಲಿ ಅಲ್ಲ. ನೀರು ನಿಂತಿರೋವರೆಗೆ ಮೇಲಿಂದ ನೋಡಿದರೆ ಕಾಣೋದೂ ಇಲ್ಲ. ಕಿಡ್ನಿಯೂ ಹಾಗೇ. 10 ಲಕ್ಷದಲ್ಲಿ ಐದು ಲಕ್ಷ ನೆಫ್ರಾನ್ ಸತ್ತರೂ ಉಳಿದವು ಭಾರ ಹೊತ್ತುಕೊಂಡು ನಡೆಸ್ತವೆ, ಚೆನ್ನಾಗಿ ಬರೆದ ಸರ್ವರ್ ವ್ಯವಸ್ಥೆಯ ಹಾಗೆ. ನೋವಿಲ್ಲ, ಜ್ವರ ಇಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ಮೂಲ ವಿಧಾನ 1886ರದು, ಮ್ಯಾಕ್ಸ್ ಯಾಫೆ ಅನ್ನೋ ಜರ್ಮನ್ ಕಂಡುಹಿಡಿದದ್ದು, ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ಅದೇ ನಡೀತಿದೆ. ಅದು ಕೂಡ ಅರ್ಧ ಕಿಡ್ನಿ ಹೋಗೋವರೆಗೆ ನಾರ್ಮಲ್ ಅಂತಲೇ ತೋರಿಸಬಹುದು. ಬ್ರೈಟ್ ಸಾಹೇಬರ ಚಮಚ ಅದಕ್ಕಿಂತ ಮೊದಲೇ ಹೇಳುತ್ತೆ. ಮೂತ್ರದಲ್ಲಿ ಆಲ್ಬುಮಿನ್ ಸೋರೋದು ಶುರುವಿನ ಲಕ್ಷಣ. ಈಗ ಚಮಚದ ಬದಲು ಒಂದು ಪಟ್ಟಿ ಅದ್ದಿ ನೋಡ್ತಾರೆ.

ಹೂಳು ಎಲ್ಲಿಂದ ಬರುತ್ತೆ ಅನ್ನೋದೂ ಗುಟ್ಟಲ್ಲ. ಮೊದಲನೇದು ಸಕ್ಕರೆ ಕಾಯಿಲೆ, ಎರಡನೇದು ಬಿಪಿ. ಆಮೇಲೆ ಮಂಡಿನೋವಿಗೆ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗೋ ಮಾತ್ರೆ. ಆಮೇಲೆ ಒಳ್ಳೇದು ಅಂತ ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಅರೆದು ಕುಡಿಯೋದು. ಕೊಲೆಸ್ಟ್ರಾಲಿಗೆ ಅಂತ ಬಿಂಬುಳಿ ರಸ ಕುಡಿದು, ಅದರ ಆಕ್ಸಲೇಟ್ ತುಂಬಿ ಕಿಡ್ನಿ ನಿಂತ ಪ್ರಕರಣಗಳನ್ನು ಕೇರಳದ ಡಾಕ್ಟರುಗಳು ದಾಖಲಿಸಿದ್ದಾರೆ. ಉಪ್ಪಿನಕಾಯಿಗೆ ಹಾಕಿದ ಬಿಂಬುಳಿ ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇರೆ.

ನಾನು ಬಿಇ ಓದಿದವನು, ಡಾಕ್ಟರಲ್ಲ. ಮದ್ದು ಹೇಳೋ ಹಕ್ಕು ನನಗಿಲ್ಲ. ಆದರೆ ಹಳೇ ಊರಿನ ಲೆಕ್ಕ ಹೇಳಬಹುದು. ಕೆರೆ ಇದ್ದ ಊರಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಸಲ ಕೋಡಿ ನೋಡಿಕೊಂಡು ಬರೋ ಪದ್ಧತಿ ಇತ್ತು. ಸಕ್ಕರೆ, ಬಿಪಿ ಇರೋ ಅಪ್ಪ, ಅಮ್ಮ, ಅತ್ತೆ, ಮಾವ ಊರಲ್ಲಿದ್ದರೆ ಈ ಸಲ ಹಬ್ಬಕ್ಕೆ ಹೋದಾಗ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಎರಡನ್ನೂ ಮಾಡಿಸಿ, ರಿಪೋರ್ಟು ಡಾಕ್ಟರಿಗೆ ತೋರಿಸಿ. ನಾವು ಅವರಿಗೆ ಅಂತ ಒಯ್ಯೋ ಸ್ವೀಟ್ ಬಾಕ್ಸಿಗಿಂತ ಅದು ದುಬಾರಿ ಏನಲ್ಲ. ಇನ್ನು ಡಯಾಲಿಸಿಸ್ ಮೇಲಿರೋರು ಊರಲ್ಲಿ ಯಾರಾದರೂ ಇದ್ದರೆ, ಅವರಿಗೆ ವಾರದ ಮೂರನೇ ಸಲ ಯಾಕೆ ತಪ್ತಿದೆ ಅಂತ ಒಮ್ಮೆ ಕೇಳಿ. ಯಂತ್ರ ಇಲ್ಲದ್ದಕ್ಕಾ, ಬಸ್ಸಿಲ್ಲದ್ದಕ್ಕಾ, ಜೊತೆಗೆ ಹೋಗೋರು ಇಲ್ಲದ್ದಕ್ಕಾ? ಮೂರರಲ್ಲಿ ಎರಡಕ್ಕೆ ಡಾಕ್ಟರೇ ಬೇಕು ಅಂತಿಲ್ಲ. ಊರಿನವರೂ ಸಾಕು.